ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ನನ್ನ ಕೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದು ಸಮಿತಿಯವರು ಕೇಳಿಕೊಂಡರು. ನಾನು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ನನ್ನ ಹೊಟ್ಟೆಪಾಡು. ಆದರೂ ಊರಿಗೆ ಬಂದಾಗ ಎದುರಾಗುವ ಪ್ರಶ್ನೆ ಇವತ್ತಿಗೂ ಒಂದೇ: "ಇಡೀ ದಿವಸ ಕಂಪ್ಯೂಟರ್ ಮುಂದೆ ಕೂತು ನೀನು ಮಾಡೋದಾದ್ರೂ ಏನಪ್ಪಾ?" ಇನ್ನು ಕೆಲವರು ಕೆಟ್ಟುಹೋದ ಮೊಬೈಲನ್ನು ತಂದು ಕೈಗಿಡುತ್ತಾರೆ. ಬಸ್ ಓಡಿಸುವವರೆಲ್ಲ ಎಂಜಿನ್ ಬಿಚ್ಚಬಲ್ಲರೇ? ನನ್ನ ಸ್ಥಿತಿಯೂ ಹಾಗೆಯೇ. ಮೊಬೈಲ್ ರಿಪೇರಿ ನನಗೆ ಬರುವುದಿಲ್ಲ. ಹಾಗಾದರೆ ಬರುವುದೇನು ಎಂಬುದನ್ನು ಇವತ್ತು ನಮ್ಮೂರಿನ ಲೆಕ್ಕದಲ್ಲೇ ಹೇಳಲು ಪ್ರಯತ್ನಿಸುತ್ತೇನೆ.

ನಮಗೆಲ್ಲ ಗೊತ್ತಿರುವ ಒಂದು ಲೆಕ್ಕ ತೆಗೆದುಕೊಳ್ಳೋಣ. ಒಬ್ಬ ರೈತರಿಗೆ ಕೆರೆ ಕೆಳಗೆ ಎರಡು ಎಕರೆ ಇಪ್ಪತ್ತು ಗುಂಟೆ, ದಿಣ್ಣೆ ಮೇಲೆ ಒಂದು ಎಕರೆ ಮೂವತ್ತು ಗುಂಟೆ ಜಮೀನಿದೆ. ಒಟ್ಟು ಎಷ್ಟು? ಇಲ್ಲಿ ಕುಳಿತಿರುವ ಹಿರಿಯರು ಕಾಗದ ಪೆನ್ಸಿಲ್ ಇಲ್ಲದೆ ಹೇಳುತ್ತಾರೆ, ನಾಲ್ಕು ಎಕರೆ ಹತ್ತು ಗುಂಟೆ. ಆದರೆ ಇದನ್ನು ಕ್ಯಾಲ್ಕುಲೇಟರಿನಲ್ಲಿ 2.20, 1.30 ಎಂದು ಒತ್ತಿ ಕೂಡಿಸಿ ನೋಡಿ. 3.50 ಎಂದು ತೋರಿಸುತ್ತದೆ. ಅದನ್ನು ಯಾರಾದರೂ ಮೂರೂವರೆ ಎಕರೆ ಎಂದು ಓದಿಕೊಂಡರೆ ಮೂವತ್ತು ಗುಂಟೆ ಜಮೀನು ಅಲ್ಲೇ ಮಾಯ! ಯಂತ್ರ ಕೆಟ್ಟಿಲ್ಲ, ಹೇಳಿದ ಕೂಡುವಿಕೆಯನ್ನು ಸರಿಯಾಗಿಯೇ ಮಾಡಿದೆ. ಎಕರೆಗೆ ನಲವತ್ತು ಗುಂಟೆ ಎಂಬ ವಿಷಯ ಅದಕ್ಕೆ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ಆ ಹೇಳಿಕೊಡುವ ಕೆಲಸವೇ ಪ್ರೋಗ್ರಾಮಿಂಗ್.

ಹೇಗೆ ಹೇಳಿಕೊಡಬೇಕು? ಒಂದೊಂದೇ ಹೆಜ್ಜೆಯಾಗಿ, ಯಾವುದನ್ನೂ ಬಿಡದೆ ಹೇಳಬೇಕು. ಮೊದಲ ಜಮೀನಿನ ಎಕರೆಯನ್ನು 40ರಿಂದ ಗುಣಿಸಿ ಗುಂಟೆಯನ್ನು ಸೇರಿಸು: 100 ಗುಂಟೆ. ಎರಡನೆಯದಕ್ಕೂ ಹಾಗೆಯೇ ಮಾಡು: 70 ಗುಂಟೆ. ಎರಡನ್ನೂ ಕೂಡು: 170. ಅದನ್ನು 40ರಿಂದ ಭಾಗಿಸು. ಭಾಗಲಬ್ಧ 4, ಅದು ಎಕರೆ. ಶೇಷ 10, ಅದು ಗುಂಟೆ. ಉತ್ತರವನ್ನು ಪರದೆಯ ಮೇಲೆ ತೋರಿಸು. ಇಷ್ಟೇ. ಇದನ್ನು ಕಂಪ್ಯೂಟರಿಗೆ ತಿಳಿಯುವ ಒಂದು ಭಾಷೆಯಲ್ಲಿ, ಪೈಥಾನ್ ಎಂದಿಟ್ಟುಕೊಳ್ಳಿ, ಬರೆದರೆ ಐದಾರು ಸಾಲಾಗುತ್ತದೆ. ಆ ಐದಾರು ಸಾಲು ಒಂದು ಪ್ರೋಗ್ರಾಂ.

ವಿದ್ಯಾರ್ಥಿಗಳು ಗಮನಿಸಬೇಕು. ಭಾಗಲಬ್ಧ, ಶೇಷ ಎಂಬುದು ನೀವು ಪ್ರಾಥಮಿಕ ಶಾಲೆಯಲ್ಲೇ ಕಲಿತದ್ದು. ದೊಡ್ಡ ದೊಡ್ಡ ಪ್ರೋಗ್ರಾಂಗಳೂ ಮೂರೇ ಬಗೆಯ ಇಟ್ಟಿಗೆಗಳಿಂದ ಕಟ್ಟಿದವು. ಒಂದು, ಹೇಳಿದ ಹೆಜ್ಜೆಗಳನ್ನು ಕ್ರಮವಾಗಿ ಮಾಡುವುದು. ಎರಡು, "ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು" ಎಂದು ಆರಿಸುವುದು. ಮೂರು, "ಮುಗಿಯುವ ತನಕ ಮತ್ತೆ ಮತ್ತೆ ಮಾಡು" ಎನ್ನುವುದು. ರೈತರಿಗೆ ಎರಡು ತುಂಡು ಜಮೀನಿದ್ದರೂ ಇಪ್ಪತ್ತು ತುಂಡಿದ್ದರೂ ಮೂರನೆಯ ಇಟ್ಟಿಗೆಯೊಂದಿದ್ದರೆ ಅದೇ ಪ್ರೋಗ್ರಾಂ ಸಾಕಾಗುತ್ತದೆ.

ಈ ಬಗೆಯ ಯೋಚನೆ ನಮಗೆ ಹೊಸದೂ ಅಲ್ಲ. ಕನ್ನಡ ತರಗತಿಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ಮೊದಲ ಅಕ್ಷರ ತೆಗೆದುಕೋ. ಅದು ದೀರ್ಘವೇ? ಗುರು. ಅನುಸ್ವಾರ ಅಥವಾ ವಿಸರ್ಗ ಇದೆಯೇ? ಗುರು. ಮುಂದೆ ಒತ್ತಕ್ಷರ ಇದೆಯೇ? ಗುರು. ಮುಂದೆ ಅರ್ಧ ವ್ಯಂಜನ ಬಂದಿದೆಯೇ? ಗುರು. ಇವು ಯಾವುದೂ ಅಲ್ಲವೇ? ಹಾಗಾದರೆ ಲಘು. ಮುಂದಿನ ಅಕ್ಷರಕ್ಕೆ ಹೋಗು, ಸಾಲು ಮುಗಿಯುವ ತನಕ ಹೀಗೇ ಮಾಡು. ಗುರುವಿಗೆ ಎರಡು, ಲಘುವಿಗೆ ಒಂದು ಮಾತ್ರೆಯಂತೆ ಎಣಿಸು. ಕ್ರಮ, ಆಯ್ಕೆ, ಪುನರಾವರ್ತನೆ ಮೂರೂ ಇಲ್ಲಿವೆ. ಪ್ರಸ್ತಾರ ಹಾಕಬಲ್ಲ ಮಗು ಪ್ರೋಗ್ರಾಂ ಬರೆಯಬಲ್ಲದು. ಇನ್ನೂ ಒಂದು ವಿಷಯವಿದೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಬಂದರೆ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಗುರುವಾಗುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಅದೇ ಅಪವಾದ. ನಿಯಮ ಬರೆಯುವುದು ಸುಲಭ, ಅಪವಾದ ಹುಡುಕುವುದು ಕಷ್ಟ. ನಮ್ಮ ಕೆಲಸದ ಹೆಚ್ಚಿನ ಪಾಲು ಈ ಎರಡನೆಯದೇ.

ಮತ್ತೆ ಜಮೀನಿನ ಲೆಕ್ಕಕ್ಕೆ ಬರೋಣ. ಬರೆದ ಐದಾರು ಸಾಲು ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. 39 ಗುಂಟೆಗೆ 1 ಗುಂಟೆ ಸೇರಿಸಿದರೆ 40 ಗುಂಟೆ ಎನ್ನುತ್ತದೆಯೋ, 1 ಎಕರೆ ಎನ್ನುತ್ತದೆಯೋ? ಯಾರಾದರೂ ಗುಂಟೆಯ ಜಾಗದಲ್ಲಿ 55 ಎಂದು ಬರೆದರೆ ಏನು ಮಾಡಬೇಕು? ಎರಡು ಎಕರೆ ಐದು ಗುಂಟೆಯನ್ನು 2.5 ಎಂದು ಬರೆದವರಿಗೂ, ಎರಡೂವರೆ ಎಕರೆ ಎಂಬ ಅರ್ಥದಲ್ಲಿ 2.5 ಎಂದು ಬರೆದವರಿಗೂ ಹದಿನೈದು ಗುಂಟೆ ವ್ಯತ್ಯಾಸ. ಅದನ್ನು ಹೇಗೆ ಕಂಡುಹಿಡಿಯುವುದು? ಗುಂಟೆಗೆ ಹದಿನಾರು ಆಣೆ ಇದೆಯಲ್ಲ, ಪಾಲಾಗಿ ಪಾಲಾಗಿ ಆಣೆ ಲೆಕ್ಕಕ್ಕೆ ಬಂದ ಹಿಡುವಳಿಗಳು ಎಷ್ಟಿಲ್ಲ? ಖರಾಬನ್ನು ಕಳೆಯಬೇಕೋ ಬೇಡವೋ? ಈ ಪ್ರಶ್ನೆಗಳನ್ನೆಲ್ಲ ಕೇಳಿ ಉತ್ತರ ಪಡೆದ ಮೇಲೆ ಆ ಐದಾರು ಸಾಲು ಐವತ್ತು ಸಾಲಾಗುತ್ತದೆ. ಇಷ್ಟಾದರೂ ಕಂಪ್ಯೂಟರ್ ಜಾಣ ಆಗಿಲ್ಲ. ಜಮೀನಿನ ಬಗ್ಗೆ ತಿಳಿದವರ ತಿಳಿವಳಿಕೆ ಅದರೊಳಗೆ ಸೇರಿದೆ, ಅಷ್ಟೆ.

ಅಳತೆಯ ವಿಷಯದಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೊಂದಿದೆ. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹದ ಹವಾಮಾನ ನೋಡಲು ಒಂದು ನೌಕೆಯನ್ನು ಕಳಿಸಿತು. ಅದರ ಹೆಸರು ಮಾರ್ಸ್ ಕ್ಲೈಮೇಟ್ ಆರ್ಬಿಟರ್. ಒಂಬತ್ತು ತಿಂಗಳು ಪ್ರಯಾಣ ಮಾಡಿ 1999ರ ಸೆಪ್ಟೆಂಬರ್ 23ರಂದು ಮಂಗಳದ ಹತ್ತಿರ ಹೋದ ನೌಕೆ ಮತ್ತೆ ಸಂಪರ್ಕಕ್ಕೆ ಸಿಗಲೇ ಇಲ್ಲ. ತನಿಖೆ ಮಾಡಿದಾಗ ಗೊತ್ತಾದದ್ದು ಇಷ್ಟು: ಭೂಮಿಯ ಮೇಲಿದ್ದ ಒಂದು ಪ್ರೋಗ್ರಾಂ ನೂಕುಬಲದ ಲೆಕ್ಕವನ್ನು ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು, ಅದನ್ನು ತೆಗೆದುಕೊಳ್ಳುವ ಪ್ರೋಗ್ರಾಂ ಅದು ನ್ಯೂಟನ್ ಅಳತೆಯಲ್ಲಿದೆ ಎಂದುಕೊಂಡಿತ್ತು. ಎರಡಕ್ಕೂ ನಾಲ್ಕೂವರೆ ಪಟ್ಟು ಹತ್ತಿರದ ವ್ಯತ್ಯಾಸ. ಒಬ್ಬರು ಗುಂಟೆಯಲ್ಲಿ ಹೇಳಿ, ಇನ್ನೊಬ್ಬರು ಸೆಂಟ್‌ನಲ್ಲಿ ಬರೆದುಕೊಂಡ ಹಾಗೆ. ಎಕರೆಗೆ ನಲವತ್ತು ಗುಂಟೆ, ನೂರು ಸೆಂಟ್ ಎಂದು ತಿಳಿದ ನಮ್ಮ ಹಿರಿಯರು ಜಮೀನು ಮಾತಾಡುವಾಗ "ಯಾವ ಲೆಕ್ಕ?" ಎಂದು ಮೊದಲು ಕೇಳುತ್ತಾರಲ್ಲ, ಆ ಒಂದು ಪ್ರಶ್ನೆಯನ್ನು ಅಲ್ಲಿ ಯಾರೂ ಸರಿಯಾದ ಹೊತ್ತಿಗೆ ಕೇಳಲಿಲ್ಲ.

ಮಂಗಳ ಗ್ರಹ ದೂರದ್ದು. ನಮ್ಮ ಪಹಣಿಗೆ ಬರೋಣ. ನಾನು ಓದುವಾಗ ಪಹಣಿ ಎಂದರೆ ಗ್ರಾಮಲೆಕ್ಕಿಗರ ಪುಸ್ತಕ. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಅದನ್ನು ಕಂಪ್ಯೂಟರಿಗೆ ತಂದಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರತೊಡಗಿತು. ಅದರ ತಂತ್ರಾಂಶ ಬರೆದವರು ಎನ್.ಐ.ಸಿ.ಯ ಪ್ರೋಗ್ರಾಮರುಗಳು. ಅದರಲ್ಲಿದ್ದ ಒಂದು ನಿಯಮವನ್ನು ನಿಮಗೆ ಹೇಳಲೇಬೇಕು. ಖಾತೆ ಬದಲಾವಣೆಗೆ ಬಂದ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಮೊದಲು ಬಂದದ್ದು ಮೊದಲು. ಹಿಂದಿನದನ್ನು ಮುಗಿಸದೆ ಮುಂದಿನದಕ್ಕೆ ಹೋಗಲು ಪ್ರೋಗ್ರಾಂ ಬಿಡುತ್ತಿರಲಿಲ್ಲ. ನಾವು ಪ್ರೋಗ್ರಾಮರುಗಳು ಇದಕ್ಕೆ 'ಕ್ಯೂ' ಎನ್ನುತ್ತೇವೆ. ಬಸ್ ನಿಲ್ದಾಣದ ಕ್ಯೂ ಹೇಗೋ ಹಾಗೆ. ಆದರೆ ಈ ಕ್ಯೂವಿನಲ್ಲಿ ಮುಂದೆ ನುಗ್ಗಲು ದೊಡ್ಡವರ ಪರಿಚಯ ಸಾಲದು. ಕೆಲವೇ ಸಾಲಿನ ಪ್ರೋಗ್ರಾಂ ಒಬ್ಬ ಸಾಮಾನ್ಯ ರೈತರ ಸರದಿಯನ್ನು ಕಾಯಬಲ್ಲದು ಎಂಬುದಕ್ಕೆ ಇದು ನನಗೆ ಇಷ್ಟವಾದ ಉದಾಹರಣೆ.

ಹಾಗೆಯೇ ಕೆಲವೇ ಸಾಲು ಒಬ್ಬರನ್ನು ಸಾಲಿನಿಂದ ಹೊರಗೂ ನಿಲ್ಲಿಸಬಲ್ಲದು. ಪಹಣಿಯಲ್ಲಿ ನಮ್ಮವರ ಹೆಸರು ಹೇಗಿರುತ್ತದೆ? ಹೆಸರಿನ ಮುಂದೆ 'ಬಿನ್' ಎಂದು ತಂದೆಯ ಹೆಸರು, ಹೆಣ್ಣುಮಕ್ಕಳಾದರೆ 'ಕೋಂ' ಎಂದು ಗಂಡನ ಹೆಸರು. ಆಧಾರ್ ಕಾರ್ಡಿನಲ್ಲಿ ಹೆಸರು ಒಂದು ಕಡೆ, ಇನಿಷಿಯಲ್ ಇನ್ನೊಂದು ಕಡೆ. ಮನುಷ್ಯರು ನೋಡಿದರೆ ಎರಡೂ ಒಬ್ಬರದೇ ಎಂದು ತಕ್ಷಣ ತಿಳಿಯುತ್ತದೆ. "ಎರಡು ಹೆಸರೂ ಅಕ್ಷರಶಃ ಒಂದೇ ಆಗಿದ್ದರೆ ಮುಂದೆ ಹೋಗು, ಇಲ್ಲದಿದ್ದರೆ ನಿಲ್ಲು" ಎಂದು ಬರೆದ ಪ್ರೋಗ್ರಾಂಗೆ ತಿಳಿಯುವುದಿಲ್ಲ. ಹೆಸರು ತಾಳೆಯಾಗಲಿಲ್ಲ ಎಂದು ನಾಲ್ಕು ಸಲ ಅಲೆದವರು ಈ ಸಭೆಯಲ್ಲೂ ಇರಬಹುದು.

ಕನ್ನಡದ ಹೆಸರಿಗೆ ಇನ್ನೂ ಒಂದು ತೊಡಕಿದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ, ಆ ಪಟ್ಟಿಗೆ ಯುನಿಕೋಡ್ ಎಂದು ಹೆಸರು. ಅದರಲ್ಲಿ ನಮ್ಮ 'ಅ' 3205, 'ಕ' 3221. ಗುಣಿತದ ಚಿಹ್ನೆಗೂ ಒಂದು ಸಂಖ್ಯೆ, ಒತ್ತು ಮೂಡಿಸುವ ಅರ್ಧಾಕ್ಷರದ ಚಿಹ್ನೆಗೂ ಒಂದು ಸಂಖ್ಯೆ. ಹೀಗಾಗಿ 'ಕೃಷ್ಣಮೂರ್ತಿ' ಎಂಬುದು ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಹನ್ನೊಂದು ಸಂಖ್ಯೆ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಇದು ತಿಳಿಯದವರು "ಹೆಸರಿಗೆ ಇಷ್ಟು ಜಾಗ ಸಾಕು" ಎಂದು ಅಂದಾಜು ಮಾಡಿದರೆ ಇಂಗ್ಲಿಷ್ ಹೆಸರು ಹಿಡಿಸುತ್ತದೆ, ಕನ್ನಡದ ಹೆಸರಿನ ಬಾಲ ತುಂಡಾಗುತ್ತದೆ. ಕನ್ನಡ ಇಂದು ಕಂಪ್ಯೂಟರಿನಲ್ಲಿ ಇಷ್ಟು ಸಲೀಸಾಗಿದ್ದರೆ ಅದಕ್ಕೆ ಕನ್ನಡವನ್ನೂ ಕಂಪ್ಯೂಟರನ್ನೂ ಎರಡನ್ನೂ ಬಲ್ಲ ಕೆಲವರು ಕುಳಿತು ದುಡಿದದ್ದೇ ಕಾರಣ. 'ನುಡಿ' ತಂತ್ರಾಂಶದಲ್ಲಿ ನಾವು ಒತ್ತುವ ಕೀಲಿಗಳ ವಿನ್ಯಾಸಕ್ಕೆ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಉಚ್ಚಾರಣೆಯ ಕ್ರಮದಲ್ಲೇ ಟೈಪ್ ಮಾಡಿದರೆ ಒತ್ತಕ್ಷರ ತಾನಾಗಿ ಕೂಡಿಕೊಳ್ಳುವಂತೆ ಮಾಡಲು ಕನ್ನಡ ಬರವಣಿಗೆಯ ಒಳಗುಟ್ಟು ಗೊತ್ತಿರಬೇಕು.

ಇನ್ನು ದಿನದ ಕೆಲಸದ ಮಾತು. ಸಿನಿಮಾದಲ್ಲಿ ಪ್ರೋಗ್ರಾಮರ್ ಎಂದರೆ ಕತ್ತಲ ಕೋಣೆಯಲ್ಲಿ ಪಟಪಟ ಟೈಪ್ ಮಾಡುವವನು. ನಿಜದಲ್ಲಿ ನಾವು ಟೈಪ್ ಮಾಡುವುದು ಕಡಿಮೆ, ಓದುವುದು ಹೆಚ್ಚು. ನಮಗಿಂತ ಮೊದಲು ಯಾರೋ ಬರೆದಿಟ್ಟ ಸಾವಿರಾರು ಸಾಲು ಓದಿ, ಅವರು ಯಾಕೆ ಹೀಗೆ ಬರೆದರು ಎಂದು ತಿಳಿದುಕೊಳ್ಳಬೇಕು. ಆ ಪ್ರೋಗ್ರಾಂ ಬಳಸುವವರ ಜೊತೆ ಮಾತಾಡಬೇಕು. ಅವರು ಕೇಳಿದ್ದು ಒಂದು, ಅವರಿಗೆ ಬೇಕಾದದ್ದು ಇನ್ನೊಂದು ಇರುತ್ತದೆ. ನಾನು ಬರೆದದ್ದನ್ನು ಜೊತೆಯವರು ಓದಿ ತಿದ್ದುತ್ತಾರೆ, ಅವರು ಬರೆದದ್ದನ್ನು ನಾನು ಓದುತ್ತೇನೆ. ನಮ್ಮ ಶಾಲೆಯಲ್ಲಿ ನೋಟ್‌ಬುಕ್ ಅದಲುಬದಲು ಮಾಡಿ ಉಕ್ತಲೇಖನ ತಿದ್ದಿಸುತ್ತಿದ್ದರಲ್ಲ, ಅದೇ ಪದ್ಧತಿ. ಯಾರು ಯಾವ ದಿನ ಯಾವ ಸಾಲು ಬದಲಿಸಿದರು, ಯಾಕೆ ಬದಲಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ.

ಉಳಿದ ಸಮಯವೆಲ್ಲ ತಪ್ಪು ಹುಡುಕುವುದಕ್ಕೆ. ತಪ್ಪಿಗೆ ನಾವು 'ಬಗ್' ಎನ್ನುತ್ತೇವೆ, ಹುಳ ಎಂದರ್ಥ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಯಂತ್ರ ನಿಂತುಹೋದಾಗ ಒಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಾಖಲೆ ಪುಸ್ತಕಕ್ಕೆ ಅಂಟಿಸಿದರು. ತಪ್ಪಿಗೆ ಹುಳ ಎನ್ನುವ ಮಾತು ಅದಕ್ಕೂ ಮೊದಲೇ ಇತ್ತು, ಅವತ್ತು ಹುಳವೇ ಸಿಕ್ಕಿತು ಎಂಬುದು ತಮಾಷೆ. ತಪ್ಪು ಹುಡುಕುವ ಕ್ರಮ ನಿಮಗೆ ಗೊತ್ತಿರುವುದೇ. ಬೋರ್‌ವೆಲ್ಲಿನಿಂದ ತೋಟದ ತುದಿಗೆ ಉದ್ದ ಪೈಪ್ ಎಳೆದಿದ್ದೀರಿ, ತುದಿಯಲ್ಲಿ ನೀರು ಬರುತ್ತಿಲ್ಲ. ಮಣ್ಣಿನಡಿಯ ಇಡೀ ಪೈಪನ್ನು ಅಗೆಯುತ್ತೀರಾ? ಇಲ್ಲ, ನಡುವಿನ ಗೇಟ್‌ವಾಲ್ವ್ ಬಿಚ್ಚಿ ನೋಡುತ್ತೀರಿ. ಅಲ್ಲಿ ನೀರಿದ್ದರೆ ತೊಂದರೆ ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ನಾವೂ ಹಾಗೆಯೇ ಅರ್ಧ ಅರ್ಧ ಮಾಡುತ್ತಾ ಹೋಗುತ್ತೇವೆ. ಸಾವಿರ ಜಾಗದಲ್ಲಿ ಎಲ್ಲಿ ಎಂದು ತಿಳಿಯದ ತಪ್ಪನ್ನು ಹೀಗೆ ಹತ್ತು ಸಲ ಅರ್ಧ ಮಾಡಿದರೆ ಹಿಡಿಯಬಹುದು. ಎರಡನ್ನು ಹತ್ತು ಸಲ ಗುಣಿಸಿ ನೋಡಿ, 1024 ಬರುತ್ತದೆ.

ಈ ಕೆಲಸದಲ್ಲಿ ಕಷ್ಟವಿಲ್ಲವೇ? ಇದೆ. ದಿನವಿಡೀ ಕುಳಿತು ಬೆನ್ನು, ಕಣ್ಣು ಸೋಲುತ್ತವೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಕೂರಬೇಕಾಗುತ್ತದೆ. ಕಲಿತದ್ದು ಐದು ವರ್ಷಕ್ಕೆ ಹಳತಾಗುತ್ತದೆ. ಎಲ್ಲರಿಗೂ ದೊಡ್ಡ ಸಂಬಳ ಸಿಗುತ್ತದೆ ಎಂಬ ಮಾತೂ ನಿಜವಲ್ಲ. ಆದರೂ ಬರೆದದ್ದು ನಡೆದು, ಯಾರದೋ ಒಂದು ದಿನದ ಅಲೆದಾಟ ತಪ್ಪಿತು ಎಂದು ತಿಳಿದಾಗ ಆಗುವ ಸಮಾಧಾನ ದೊಡ್ಡದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಮೊದಲಿನ ರೈತರ ನಾಲ್ಕು ಎಕರೆ ಹತ್ತು ಗುಂಟೆಯನ್ನು ಮೂವರು ಮಕ್ಕಳಿಗೆ ಪಾಲು ಮಾಡುವ ಪ್ರೋಗ್ರಾಂ ಬರೆಯೋಣ. 170 ಗುಂಟೆಯನ್ನು ಮೂರರಿಂದ ಭಾಗಿಸಿದರೆ ತಲಾ 56 ಗುಂಟೆ, ಉಳಿದದ್ದು 2 ಗುಂಟೆ. ಅಂದರೆ 32 ಆಣೆ. ತಲಾ 10 ಆಣೆ ಕೊಟ್ಟರೆ ಇನ್ನೂ 2 ಆಣೆ ಉಳಿಯುತ್ತದೆ, ಸುಮಾರು 136 ಚದರ ಅಡಿ. ಆ ಎರಡು ಆಣೆ ಯಾರಿಗೆ? ಹಿರಿಯ ಮಗನಿಗೋ, ತಾಯಿಯನ್ನು ನೋಡಿಕೊಳ್ಳುವವರಿಗೋ, ಮೂವರಿಗೂ ದಾರಿಯಾಗಿ ಬಿಡುವುದೋ? ಕಂಪ್ಯೂಟರ್ ಹೇಳುವುದಿಲ್ಲ, ಮನುಷ್ಯರೇ ಹೇಳಬೇಕು. ಇನ್ನೂ ಹಿಂದಕ್ಕೆ ಹೋಗಿ ನೋಡಿ. ಪ್ರೋಗ್ರಾಂ ಮೊದಲು ಕೇಳುವ ಪ್ರಶ್ನೆ ಯಾವುದು? "ಮಕ್ಕಳು ಎಷ್ಟು?" ಎಂದು ಕೇಳಿದರೆ ಒಂದು ಉತ್ತರ. "ಗಂಡುಮಕ್ಕಳು ಎಷ್ಟು?" ಎಂದು ಕೇಳಿದರೆ ಇನ್ನೊಂದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಆದರೆ ಎರಡನೆಯ ಪ್ರಶ್ನೆ ಪರದೆಯ ಮೇಲೆ ಬಂದ ಕ್ಷಣವೇ, ಒಂದು ಲೆಕ್ಕವೂ ತಪ್ಪದೆ, ಮನೆಮಗಳು ಲೆಕ್ಕದಿಂದ ಹೊರಗೆ ಬಿದ್ದಿರುತ್ತಾಳೆ. ಕೂಡುವುದು ಕಳೆಯುವುದು ಯಂತ್ರದ ಕೆಲಸ. ಯಾರನ್ನು ಎಣಿಸಬೇಕು ಎಂಬುದನ್ನು ಪ್ರೋಗ್ರಾಂ ಬರೆಸುವವರು, ಬರೆಯುವವರು ಮೊದಲೇ ತೀರ್ಮಾನ ಮಾಡಿರುತ್ತಾರೆ.

ನಮ್ಮ ರೇಷನ್, ಪಿಂಚಣಿ, ಬೆಳೆ ವಿಮೆ, ವಿದ್ಯಾರ್ಥಿವೇತನ, ಬ್ಯಾಂಕು, ಆಸ್ಪತ್ರೆ ಎಲ್ಲದರಲ್ಲೂ ಇಂಥ ಪ್ರಶ್ನೆಗಳು ಕುಳಿತಿವೆ. ಆ ಪ್ರಶ್ನೆಗಳನ್ನು ಬರೆಯುವ ಜಾಗದಲ್ಲಿ ನಮ್ಮೂರಿನಂಥ ಊರುಗಳ ಮಕ್ಕಳು ಇರಬೇಕು. ಒಂದು ಸಣ್ಣ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡಕ್ಕೆ ಒಂದು ಅರ್ಜಿ ನಮೂನೆಯ ಕೆಲಸ ಬಂತು. ಹೆಸರು ಒಂದು ಚೌಕದಲ್ಲಿ, ಮನೆತನದ ಹೆಸರು ಇನ್ನೊಂದು ಚೌಕದಲ್ಲಿ, ಎರಡೂ ಕಡ್ಡಾಯ. ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಮನೆತನದ ಹೆಸರೇ ಇಲ್ಲದವರು ಏನು ಮಾಡಬೇಕು ಎಂದು ನಾನು ಕೇಳಿದೆ. ಹಾಗೂ ಇರುತ್ತಾರೆಯೇ ಎಂದು ಆಶ್ಚರ್ಯಪಟ್ಟರು. ನಮ್ಮೂರಿನ ಹಾಜರಿ ಪುಸ್ತಕ ತೆಗೆದರೆ ಪೂರಾ ಅಂಥವರೇ, ನನ್ನ ಹೆಸರೂ ಹಾಗೆಯೇ, ಊರು ತಂದೆಯ ಇನಿಷಿಯಲ್ ಬಿಟ್ಟರೆ ಇರುವುದು ಒಂದೇ ಹೆಸರು ಎಂದೆ. ಚರ್ಚೆಯಾಗಿ ಎರಡು ಚೌಕ ಹೋಗಿ 'ಪೂರ್ಣ ಹೆಸರು' ಎಂಬ ಒಂದೇ ಚೌಕ ಬಂತು. ಇದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ಅಲ್ಲಿದ್ದವರೆಲ್ಲ ನನಗಿಂತ ಜಾಣರು. ಆದರೆ ಅವರು ನಮ್ಮೂರಿನವರಲ್ಲ.

ವಿದ್ಯಾರ್ಥಿಗಳ ಮನಸ್ಸಿನಲ್ಲಿ ಮೂರು ಅನುಮಾನ ಇರುತ್ತದೆ. ಮೊದಲನೆಯದು ಇಂಗ್ಲಿಷ್. ಪೈಥಾನ್ ಭಾಷೆಯಲ್ಲಿ ಕಲಿಯಬೇಕಾದ ಮುಖ್ಯ ಪದಗಳು, ಅಂದರೆ ಇಫ್, ಎಲ್ಸ್, ಫಾರ್, ವೈಲ್ ಇಂಥವು, ಒಟ್ಟು 35. ಒಂದು ವಾರದಲ್ಲಿ ಬರುತ್ತವೆ. ಯೋಚನೆಯನ್ನು ಕನ್ನಡದಲ್ಲೇ ಮಾಡಿ, ಹೆಜ್ಜೆಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಹಾಗೆಂದು ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ಪುಸ್ತಕ, ವಿವರಣೆಗಳು ಹೆಚ್ಚಾಗಿ ಅದರಲ್ಲೇ ಇವೆ, ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕೇ ಬೇಕು. ಅದು ಕಲಿಯುತ್ತಾ ಬರುತ್ತದೆ, ನನಗೂ ಹಾಗೆಯೇ ಬಂತು.

ಎರಡನೆಯದು, "ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ" ಎಂಬುದು. ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬ ಮಹಿಳೆ 1843ರಲ್ಲಿ ಒಂದು ಯಂತ್ರ ಲೆಕ್ಕ ಮಾಡಬೇಕಾದ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಬರೆದು ಪ್ರಕಟಿಸಿದರು. ಚಾರ್ಲ್ಸ್ ಬ್ಯಾಬೇಜ್ ಯೋಚಿಸಿದ್ದ ಆ ಯಂತ್ರ ಪೂರ್ತಿ ತಯಾರಾಗಲೇ ಇಲ್ಲ. ಆದರೂ ಆಕೆ ಬರೆದದ್ದನ್ನು ಮೊದಲ ಪ್ರೋಗ್ರಾಂ ಎಂದು ಇಂದು ಅನೇಕರು ಗೌರವಿಸುತ್ತಾರೆ. ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಕಾಗದದ ಮೇಲೆ ಆರಂಭವಾದ ವಿದ್ಯೆ ಇದು. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ನೆನಪಿಡಿ. 1946ರಲ್ಲಿ ಅಮೆರಿಕ ಜನರ ಮುಂದಿಟ್ಟ ಎನಿಯಾಕ್ ಎಂಬ ದೈತ್ಯ ಕಂಪ್ಯೂಟರಿಗೆ ಮೊದಲು ಪ್ರೋಗ್ರಾಂ ಮಾಡಿದವರೂ ಆರು ಮಂದಿ ಮಹಿಳೆಯರೇ.

ಮೂರನೆಯದು ಹೊಸ ಅನುಮಾನ. ಈಗ ಮಾತಿನಲ್ಲಿ ಹೇಳಿದರೆ ಪ್ರೋಗ್ರಾಂ ಬರೆದುಕೊಡುವ ಎಐ ಬಂದಿದೆ, ಇನ್ನು ಕಲಿತು ಪ್ರಯೋಜನವೇನು ಎಂದು ಕೇಳುತ್ತಾರೆ. ನಾನೂ ಅದನ್ನು ಬಳಸುತ್ತೇನೆ. ಬರೀ ಟೈಪ್ ಮಾಡುವವರ ಕೆಲಸಕ್ಕೆ ಮುಂದೆ ಬೆಲೆ ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಗುಂಟೆ ಕೂಡುವ ಪ್ರೋಗ್ರಾಂ ಅದು ಬರೆದುಕೊಟ್ಟಾಗ, ಅದರಲ್ಲಿ ಆಣೆ ಬಿಟ್ಟುಹೋಗಿದೆ, ಖರಾಬು ಬಿಟ್ಟುಹೋಗಿದೆ, ಮಗಳು ಬಿಟ್ಟುಹೋಗಿದ್ದಾಳೆ ಎಂದು ಹೇಳಲು ಲೆಕ್ಕವೂ ಗೊತ್ತಿರಬೇಕು, ಊರೂ ಗೊತ್ತಿರಬೇಕು. ಅದು ಬರೆದದ್ದನ್ನು ಓದಿ ಸರಿಯೋ ತಪ್ಪೋ ಎಂದು ಹೇಳಲಾಗದವರು ಅದು ಕೊಟ್ಟದ್ದನ್ನು ಸುಮ್ಮನೆ ಒಪ್ಪಿಕೊಳ್ಳಬೇಕಾಗುತ್ತದೆ.

ಕೊನೆಯದಾಗಿ ಕೆಲವು ಬಿನ್ನಹ. ಗುರುಗಳಲ್ಲಿ ಕೇಳಿಕೊಳ್ಳುವುದು, ಶಾಲೆಯ ಕಂಪ್ಯೂಟರುಗಳು ಮಕ್ಕಳ ಕೈಗೆ ಧಾರಾಳವಾಗಿ ಸಿಗಲಿ. ತಪ್ಪು ಆಜ್ಞೆ ಕೊಟ್ಟರೆ ಕಂಪ್ಯೂಟರ್ ಒಡೆದುಹೋಗುವುದಿಲ್ಲ. ಲೆಕ್ಕದ ತರಗತಿಯಲ್ಲಿ ಉತ್ತರದ ಜೊತೆಗೆ ಹೆಜ್ಜೆಗಳನ್ನೂ ಬಾಯಿಬಿಟ್ಟು ಹೇಳಿಸಿ. ಹಳೆಯ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯಲ್ಲಿರುವವರು ಹಲವರಿದ್ದೀರಿ. ತಿಂಗಳಿಗೆ ಒಂದು ಶನಿವಾರ ಸರದಿಯಂತೆ ಬಂದು ಮಕ್ಕಳ ಜೊತೆ ಎರಡು ಗಂಟೆ ಕುಳಿತುಕೊಳ್ಳೋಣ. ನನ್ನ ಸರದಿಯನ್ನು ನಾನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಊರಿನ ಹಿರಿಯರಲ್ಲಿ ಕೇಳುವುದು, ಯಾವ ಕಚೇರಿಯಲ್ಲೇ ಆಗಲಿ "ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ" ಎಂದರೆ ಅಲ್ಲಿಗೇ ಸುಮ್ಮನಾಗಿ ಮರಳಬೇಡಿ. ಅದು ಮನುಷ್ಯರು ಬರೆದ ನಿಯಮ, ಮನುಷ್ಯರು ತಿದ್ದಬಹುದಾದ ನಿಯಮ. ಯಾವ ನಿಯಮ ಎಂದು ಕೇಳಿ, ಲಿಖಿತವಾಗಿ ಕೊಡಿ ಎನ್ನಿ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಇವತ್ತು ಸಂಜೆ ಮನೆಯಲ್ಲಿ ನಡೆಯುವ ಯಾವುದಾದರೂ ಒಂದು ಲೆಕ್ಕವನ್ನು, ಡೈರಿಗೆ ಹಾಕಿದ ಹಾಲಿನದೋ, ಕೂಲಿಯದೋ, ಚೀಟಿಯದೋ, ಹೆಜ್ಜೆಹೆಜ್ಜೆಯಾಗಿ ಕನ್ನಡದಲ್ಲಿ ಬರೆಯಿರಿ. ಆಮೇಲೆ ಆ ಕಾಗದವನ್ನು ತಮ್ಮನಿಗೋ ತಂಗಿಗೋ ಕೊಟ್ಟು, ಬಾಯಿಮಾತಿನಲ್ಲಿ ಏನೂ ಹೇಳದೆ, ಬರೆದಷ್ಟನ್ನೇ ಮಾಡಲು ಹೇಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಬರಹದಲ್ಲಿ ಏನೋ ಬಿಟ್ಟುಹೋಗಿದೆ. ಅದನ್ನು ತುಂಬಿಸಿ ಮತ್ತೆ ಕೊಡಿ. ಸೋಮವಾರ ಆ ಕಾಗದವನ್ನು ಗಣಿತದ ಮೇಷ್ಟ್ರಿಗೆ ತೋರಿಸಿ.

 ನಮ್ಮ ಶಾಲೆ ನೂರು ತುಂಬಲಿ.